ಒಂದೇ ಎಳೆತಕ್ಕೆ ಬಿಚ್ಚುವ ಗಂಟು

ಮೃಗಶಿರಾ ಮಳೆ ಸಮೀಪಿಸಿತೆಂದರೆ ಮುಂಬಯಿಯ ಚಾಳು, ಅಂಗಡಿ, ಹೋಟೆಲುಗಳ ಮೇಲೆಲ್ಲ ನೀಲಿ ತಾಡಪತ್ರಿಗಳು ಏಳತೊಡಗುತ್ತವೆ. ಹಿತ್ತಿಲಲ್ಲಿ ಪಾತ್ರೆ ತೊಳೆಯುವ ಜಾಗಕ್ಕೂ, ಅಕ್ಕಿಯ ಚೀಲ ಪೇರಿಸಿದ ಮೂಲೆಗೂ, ಮಾಳಿಗೆಯ ಮೇಲೆ ಮಲಗುವ ಹುಡುಗರಿಗೂ ಅದೇ ಮಾಡು. ಅದನ್ನು ಕಟ್ಟುವುದರಲ್ಲಿ ನಮ್ಮವರು ಬಲು ಜಾಗರೂಕರು. ಗಂಟಿನ ಮೇಲೆ ಗಂಟು ಹಾಕಿ ಬಿಗಿಯುತ್ತಾರೆ. ಬಿಚ್ಚುವ ಹೊತ್ತೂ ಬಂದೀತೆಂಬ ಆಲೋಚನೆ ಮಾತ್ರ ಕಟ್ಟುವಾಗ ಯಾರಿಗೂ ಬರುವುದಿಲ್ಲ.

ಆ ಹೊತ್ತು ಬಂದುದನ್ನು ಒಂದು ರಾತ್ರಿ ನಾವು ಕಣ್ಣಾರೆ ಕಂಡೆವು. ಹೋಟೆಲೊಂದರ ಹಿತ್ತಿಲು, ತಾಡಪತ್ರಿಯ ನಡುವೆ ನೀರು ನಿಂತು ಎಮ್ಮೆಯ ಕೆಚ್ಚಲಿನಂತೆ ಜೋತುಬಿದ್ದಿತ್ತು. ಕೆಳಗೆ ಇಬ್ಬರು ಮಾಣಿಗಳು ತಪ್ಪಲೆ ತಿಕ್ಕುತ್ತಿದ್ದರು. ಒಂದು ಬದಿಯ ಹಗ್ಗ ಸಡಿಲಿಸಿದ್ದರೆ ಎಲ್ಲವೂ ಹರಿದುಹೋಗುತ್ತಿತ್ತು. ಆದರೆ ನಾರಿನ ಹಗ್ಗ ನೆನೆದು ಉಬ್ಬಿ, ಗಂಟು ಕಗ್ಗಂಟಾಗಿತ್ತು. ಉಗುರು ಸೋತಿತು, ಹಲ್ಲೂ ಸೋತಿತು. ಅಡಿಗೆಮನೆಯಿಂದ ಚೂರಿ ಬರುವಷ್ಟರಲ್ಲಿ ಕಂಬವೇ ಮುರಿದು ಒಬ್ಬನ ಭುಜದ ಮೇಲೆ ಬಿತ್ತು. ಹುಡುಗ ಉಳಿದ, ಮೂರು ವಾರ ಕೈಗೆ ಪಟ್ಟಿ. ಆ ಮೂರು ವಾರದ ಸಂಬಳದ ಮಾತನ್ನು ಇಲ್ಲಿ ಎತ್ತುವುದಿಲ್ಲ.

ನೀರಿಗೆ ಎಷ್ಟು ಭಾರವೆಂಬುದನ್ನು ಲೆಕ್ಕ ಬರೆಯುವ ಬಾಂಧವರು ತಾವೇ ಗುಣಿಸಿ ನೋಡಬಹುದು. 3 ಮೀಟರ್ ಉದ್ದ, 3 ಮೀಟರ್ ಅಗಲದ ತಾಡಪತ್ರಿಯ ಮೇಲೆ ಬಿದ್ದ ಎರಡೂವರೆ ಸೆಂಟಿಮೀಟರ್ ಮಳೆಯೆಲ್ಲ ಅಲ್ಲೇ ನಿಂತರೆ 225 ಕಿಲೋಗ್ರಾಮ್! 2005ರ ಜುಲೈ 26ರ ಮಹಾವೃಷ್ಟಿಯಲ್ಲಿ ಸಾಂತಾಕ್ರೂಜ್‌ನಲ್ಲಿ 24 ಗಂಟೆಗಳೊಳಗೆ ಸುರಿದುದು 944 ಮಿಲಿಮೀಟರ್.

ಇನ್ನು ಗಂಟಿನ ವಿಷಯ. ತಾಡಪತ್ರಿಯ ಹಗ್ಗವನ್ನು ಕಂಬಕ್ಕೆ ಎರಡು ಸುತ್ತು ಸುತ್ತಿ ಬಿಗಿಯಾಗಿ ಎಳೆಯಬೇಕು. ಭಾರವನ್ನು ಹೊರುವುದು ಈ ಸುತ್ತುಗಳೇ. ಅವು ಜಾರದಂತೆ ಕಾಯುವುದಷ್ಟೇ ಗಂಟಿನ ಕೆಲಸ. ಕೈಯಲ್ಲುಳಿದ ತುದಿಯನ್ನು ಬಿಗಿದ ಹಗ್ಗದ ಮೇಲಿನಿಂದ ದಾಟಿಸಿ ಅದರ ಅಡಿಯಿಂದ ಹಿಂದಕ್ಕೆ ತಂದರೆ ಕಂಬದ ಬಳಿ ಒಂದು ಸಂದು ಉಂಟಾಗುತ್ತದೆ. ಅದರೊಳಗೆ ತುದಿಯನ್ನೇ ತೂರಿಸಿ ಎಳೆದರೆ ಸಾಧಾರಣ ಗಂಟಾಯಿತು. ಹಾಗೆ ಮಾಡದೆ, ತುದಿಯನ್ನು ಹೊರಗೇ ಬಿಟ್ಟು, ಹಗ್ಗವನ್ನು ಮಡಚಿ ಆ ಮಡಿಕೆಯನ್ನು ಮಾತ್ರ ತೂರಿಸಿ ಬಿಗಿಯಬೇಕು. ಬಿಚ್ಚಬೇಕಾದಾಗ ಎಳೆಯುವುದು ತುದಿಯನ್ನು. ಮಡಿಕೆಯನ್ನು ಎಳೆದರೆ ಗಂಟು ಇನ್ನಷ್ಟು ಬಿಗಿದೀತು.

ಇದೇನೂ ಹೊಸ ವಿದ್ಯೆಯಲ್ಲ. ಕಚೇರಿಯಲ್ಲಿ ಕಡತದ ದಾರಕ್ಕೆ, ಬೂಟಿನ ದಾರಕ್ಕೆ, ಚಡ್ಡಿಯ ಲಾಡಿಗೆ ನಾವು ನಿತ್ಯವೂ ಹಾಕುವ ಗಂಟಿನ ಗುಟ್ಟೇ ಇದು. ಲಾಡಿ ಕಗ್ಗಂಟಾದಾಗಿನ ಪೇಚಾಟವನ್ನು ಬಾಲ್ಯದಲ್ಲಿ ಅನುಭವಿಸದವರು ಯಾರು? ಆದರೂ ದೊಡ್ಡ ಹಗ್ಗ ಕೈಗೆ ಬಂದೊಡನೆ ಆ ಬುದ್ಧಿ ಮರೆತುಹೋಗುತ್ತದೆ.

ನೈಲಾನ್ ಹಗ್ಗ ಬಹಳ ನುಣುಪು. ಅದಕ್ಕೆ ಮೂರು ಸುತ್ತು ಬೇಕು, ಮಡಿಕೆಯೂ ಒಂದು ಗೇಣು ಉದ್ದವಿರಲಿ. ಗಾಳಿ ಹೆಚ್ಚಿದ್ದರೆ ಬಿಡಿತುದಿಯನ್ನು ಮಡಿಕೆಯೊಳಗೆ ಒಮ್ಮೆ ತೂರಿಸಿಡಬಹುದು. ಆಗ ಬಿಚ್ಚುವ ಮೊದಲು ಅದನ್ನು ಹೊರಗೆಳೆಯಬೇಕೆಂಬುದು ನೆನಪಿರಬೇಕು. ತಾಡಪತ್ರಿಯ ಒಂದು ಬದಿಯನ್ನು ಮೊದಲೇ ತಗ್ಗಿಸಿ ಕಟ್ಟಿದರಂತೂ ನೀರು ನಿಲ್ಲುವುದೇ ಅಪರೂಪ. ನಿಂತಿತೆನ್ನಿ, ಕೆಳಗಿರುವವರನ್ನು ಮೊದಲು ಹೊರಗೆ ಕರೆಯಿರಿ. ಗಂಟು ಕಳಚಿದ ಮೇಲೆ ಕಂಬದ ಸುತ್ತುಗಳನ್ನು ಒಮ್ಮೆಲೇ ಕೈಬಿಡದೆ, ಹಗ್ಗವನ್ನು ಹಿಡಿದುಕೊಂಡೇ ಮೆಲ್ಲಮೆಲ್ಲನೆ ಬಿಡಿ.

ಆ ಹೋಟೆಲಿನ ಹಿತ್ತಿಲಿಗೆ ಈಗ ಕಬ್ಬಿಣದ ಕಂಬ ಬಂದಿದೆ. ಹೊಸಬನೊಬ್ಬ ಕೆಲಸಕ್ಕೆ ಸೇರಿದಾಗಲೆಲ್ಲ, ಭುಜಕ್ಕೆ ಪೆಟ್ಟುತಿಂದ ಹುಡುಗನೇ ಅವನನ್ನು ಕಂಬದ ಬಳಿ ನಿಲ್ಲಿಸಿ ಮೂರು ಸಲ ಗಂಟು ಕಟ್ಟಿಸಿ ಬಿಚ್ಚಿಸುತ್ತಾನೆ. ಮೂರನೆಯ ಸಲ ಕಣ್ಣು ಮುಚ್ಚಿಕೊಂಡು. ಮಳೆಯ ರಾತ್ರಿ ದೀಪ ಹೋಗುವುದುಂಟಲ್ಲ!