ಎರಡು ಗಿಡದ ಒಂದು ಕಳ್ಳಿ

ಗಂಡಸಿ ಸೀಮೆಯ ರೈತರಿಗೆ ಕಳ್ಳಿ ಎಂದರೆ ಬೇಲಿ. ಅಮೆರಿಕ ಖಂಡದಿಂದ ಬಂದು ಇಲ್ಲಿಯದೇ ಆಗಿಹೋದ ಪಾಪಾಸುಕಳ್ಳಿಗೆ ಯಾರೂ ದುಡ್ಡು ಕೊಡುವುದಿಲ್ಲ. ಕಳ್ಳಿಗೆಂದೇ ಮೀಸಲಾದ ನರ್ಸರಿಗೆ ಹೋದರೆ ಕಥೆಯೇ ಬೇರೆ. ಹಸಿರು ಕಾಂಡದ ಮೇಲೆ ಕೆಂಪು, ಹಳದಿ ಉಂಡೆ ಕೂತ ಪುಟ್ಟ ಗಿಡಗಳನ್ನು ಜನ ಆಸೆಪಟ್ಟು ಕೊಳ್ಳುತ್ತಾರೆ.

ಅದು ಒಂದು ಗಿಡವಲ್ಲ, ಎರಡು. ಮೇಲಿನ ಉಂಡೆಯಲ್ಲಿ ಪತ್ರಹರಿತ್ತು ಇಲ್ಲ. ತನ್ನ ಅನ್ನವನ್ನು ತಾನೇ ಬೇಯಿಸಿಕೊಳ್ಳಲಾರದು. 1941ರಲ್ಲಿ ಜಪಾನಿನ ಎಯ್ಜಿ ವಟನಾಬೆ ಸಸಿಗಳ ನಡುವೆ ಇಂಥ ಕೆಂಪು ಸಸಿಗಳನ್ನು ಗುರುತಿಸಿ, ಕಸಿ ಕಟ್ಟಿ ಉಳಿಸಿಕೊಂಡರು. ಕೆಳಗಿನ ಬುಡ ಸಾಮಾನ್ಯವಾಗಿ ಡ್ರ್ಯಾಗನ್ ಹಣ್ಣಿನ ಕಳ್ಳಿಯದು. ಎರಡನ್ನೂ ಅಡ್ಡ ಕೊಯ್ದಾಗ ನಡುವೆ ಕಾಣುವ ಉಂಗುರಗಳು ಒಂದಕ್ಕೊಂದು ತಾಗುವಂತೆ ಕೂರಿಸಿ, ರಬ್ಬರ್ ಬ್ಯಾಂಡ್ ಬಿಗಿದರೆ ಕೆಲ ದಿನಗಳಲ್ಲಿ ಬೆಸೆದುಕೊಳ್ಳುತ್ತವೆ.

ಸಂಗ್ರಹಕಾರರಲ್ಲಿ ಹಲವರಿಗೆ ಇದು ಬರೀ ಆಟಿಕೆ. ಸ್ವಂತ ಬೇರಿನ ಮೇಲೆ ನಿಧಾನವಾಗಿ ಬೆಳೆದದ್ದೇ ಕಳ್ಳಿ, ಕಸಿಯ ಗಿಡ ಉಬ್ಬಿ ರೂಪ ಕೆಡುತ್ತದೆ ಎಂಬುದು ಅವರ ವಾದ. ಬೆಳೆಗಾರರು ಒಪ್ಪುವುದಿಲ್ಲ. ತೀರಾ ನಿಧಾನವಾಗಿ ಬೆಳೆಯುವ ಅಪರೂಪದ ಜಾತಿಗಳು ಕಸಿಯಿಂದ ಬೇಗ ಹೂಬಿಟ್ಟು ಬೀಜ ಕಟ್ಟುತ್ತವೆ. ಬೇರು ಕೊಳೆತ ಗಿಡದ ತುದಿಯನ್ನೂ ಹೀಗೆ ಉಳಿಸಬಹುದು. ಈ ಮಾತಿನಲ್ಲಿ ತೂಕವಿದೆ. ಕಸಿ ಮಾವನ್ನು ಸವಿಯುವವರು ಕಸಿ ಕಳ್ಳಿಗೆ ಮುಖ ಸಿಂಡರಿಸುವುದು ವಿಚಿತ್ರವೇ ಸರಿ.

ತಕರಾರು ಮಾಡಬೇಕಾದದ್ದು ಮಾರುವ ರೀತಿಯ ಬಗ್ಗೆ. ಕೆಂಪು ಉಂಡೆಯ ಜೋಡಿ ಹೆಚ್ಚಾಗಿ ಕೆಲವೇ ವರ್ಷ ಬಾಳುತ್ತದೆ. ಬುಡ ಸೊರಗುವ ಮೊದಲೇ ಉಂಡೆಯ ಮರಿಯನ್ನು ಬಿಡಿಸಿ ಹೊಸ ಬುಡಕ್ಕೆ ಕಟ್ಟಬೇಕು. ಇದನ್ನು ಯಾರೂ ಹೇಳಿರದಿದ್ದರೆ, ಗಿಡ ಸತ್ತಾಗ ಕೊಂಡವರು ನೀರು ಹೆಚ್ಚಾಯಿತೇನೋ ಎಂದು ತಮ್ಮನ್ನೇ ಬೈದುಕೊಳ್ಳುತ್ತಾರೆ.