ಪುಟ್ಟ ಕಂದನಿಗೆ ಅಜ್ಜಿ ಕಾಲದ ಕ್ರೋಶಾ ಜಾಕೆಟ್

ಡಿಸೆಂಬರ್ ಬಂತೆಂದರೆ ಸಾಕು, ಅಟ್ಟದ ಮೇಲಿನ ಪೆಟ್ಟಿಗೆಯಿಂದ ಸ್ವೆಟರು, ಕುಲಾವಿ, ಕುಂಚಿಗೆಗಳೆಲ್ಲ ಕೆಳಗಿಳಿಯುತ್ತವೆ. ಅವುಗಳ ಜೊತೆಗೆ ಈ ಸಲ ನೀವೇ ಹೆಣೆದ ಒಂದು ಪುಟ್ಟ ಜಾಕೆಟ್ಟೂ ಇದ್ದರೆ ಹೇಗಿರುತ್ತೆ? ‘ಅಯ್ಯೋ, ಅಂಗಡೀಲೇ ಸಿಗುತ್ತಲ್ಲ, ಯಾಕ್ರೀ ಇಷ್ಟು ಕಷ್ಟ?’ ಎನ್ನುವವರು ಇದ್ದೇ ಇರುತ್ತಾರೆ. ಆದರೆ ಮಗುವಿನ ಅಳತೆಗೆ, ನಮ್ಮೂರಿನ ಚಳಿಗೆ, ನಿಮಗಿಷ್ಟವಾದ ಬಣ್ಣದಲ್ಲಿ ಸಿಗುವುದು ಕೈಯಿಂದ ಮಾಡಿದ್ದು ಮಾತ್ರ. ಬಾಗಿಲ ತೋರಣ, ಟಿ.ವಿ. ಕವರ್ ಹೆಣೆದು ಅಭ್ಯಾಸವಿರುವ ಕೈಗಳಿಗೆ ಇದೇನೂ ದೊಡ್ಡ ಕೆಲಸವಲ್ಲ.

ಈ ಮಾದರಿ ಬಂದದ್ದು ಇಂಗ್ಲೆಂಡಿನಿಂದ. ಅಲ್ಲಿ ಇದನ್ನು ‘ಮ್ಯಾಟಿನಿ ಜಾಕೆಟ್’ ಎನ್ನುತ್ತಾರೆ. ಭುಜದ ಭಾಗ ಬಿಗಿ, ಎದೆಯ ಕೆಳಗೆ ಬೀಸಣಿಗೆಯಂಥ ಹೆಣಿಗೆ, ಕುತ್ತಿಗೆಗೆ ರಿಬ್ಬನ್. ಎರಡನೇ ಮಹಾಯುದ್ಧದ ಸಮಯದಲ್ಲಿ, 1941ರ ಜೂನ್‌ನಲ್ಲಿ, ಬ್ರಿಟನ್‌ನಲ್ಲಿ ಬಟ್ಟೆಗೂ ರೇಷನ್ ಬಂತು. ಅದು ಮುಗಿದದ್ದು 1949ರಲ್ಲಿ. ಆಗ ತಾಯಂದಿರು ದೊಡ್ಡವರ ಹಳೇ ಸ್ವೆಟರ್ ಬಿಚ್ಚಿ, ಅದೇ ನೂಲಿನಲ್ಲಿ ಮಕ್ಕಳಿಗೆ ಹೆಣೆದರು. ನಿಮ್ಮ ಮನೆಯಲ್ಲೂ ಅಂಥ ಹಳೆಯ ಸ್ವೆಟರ್ ಇದ್ದರೆ ಎಸೆಯಬೇಡಿ. ಬಿಚ್ಚಿದ ನೂಲನ್ನು ಲಡಿ ಸುತ್ತಿ, ಒಗೆದು ನೇತುಹಾಕಿದರೆ ಸುರುಳಿ ಬಿಟ್ಟುಕೊಂಡು ಮತ್ತೆ ನೆಟ್ಟಗಾಗುತ್ತದೆ.

ಏನೇನು ಬೇಕು?

* ಮಧ್ಯಮ ದಪ್ಪದ ಮೆತ್ತನೆಯ ನೂಲು ಸುಮಾರು 200 ಗ್ರಾಂ
* 4 ಮಿ.ಮೀ. ಕ್ರೋಶಾ ಕಡ್ಡಿ
* 3 ಚಪ್ಪಟೆ ಗುಂಡಿಗಳು
* ಗುರುತಿಗೆ ಬೇರೆ ಬಣ್ಣದ ದಾರದ ತುಂಡುಗಳು

ಅಂಗಡಿಯಲ್ಲಿ ‘ಬೇಬಿ ವುಲ್’ ಎಂದು ಕೊಡುವುದರಲ್ಲಿ ಹೆಚ್ಚಿನದು ಅಕ್ರಿಲಿಕ್. ಒಗೆಯಲು ಸುಲಭ ನಿಜ, ಆದರೆ ಬೆವರು ಹೀರುವುದಿಲ್ಲ. ಬೆಂಗಳೂರು, ಮೈಸೂರಿನ ಚಳಿಗೆ ಹತ್ತಿ ನೂಲೇ ಸಾಕು. ಕೊಡಗು, ಚಿಕ್ಕಮಗಳೂರಿನ ಕಡೆಯವರು ಉಣ್ಣೆ ಬೆರೆತದ್ದನ್ನು ಆರಿಸಿಕೊಳ್ಳಿ. ಉಣ್ಣೆ ಚುಚ್ಚುತ್ತದೆಯೇ ಎಂದು ಕೆನ್ನೆಗೆ ಒತ್ತಿ ನೋಡಿ. ಎಲ್ಲ ಉಂಡೆಗಳ ಮೇಲೂ ಡೈ ಲಾಟ್ ನಂಬರ್ ಒಂದೇ ಇರಲಿ, ಇಲ್ಲದಿದ್ದರೆ ತೋಳಿಗೊಂದು ಬಣ್ಣ, ಬೆನ್ನಿಗೊಂದು ಬಣ್ಣ ಆದೀತು!

ಹೆಸರಿನ ಗೊಂದಲ

ಹಳೆಯ ಪುಸ್ತಕ ನೋಡಿ ಹೆಣೆಯುವವರು ಒಂದು ವಿಷಯ ನೆನಪಿಡಿ. ಬ್ರಿಟಿಷರು ‘ಟ್ರೆಬಲ್’ ಎನ್ನುವುದನ್ನೇ ಅಮೆರಿಕದವರು ‘ಡಬಲ್’ ಎನ್ನುತ್ತಾರೆ. ಬ್ರಿಟಿಷರ ‘ಡಬಲ್’ ಅವರಿಗೆ ‘ಸಿಂಗಲ್’. ಪುಸ್ತಕ ಯಾವ ದೇಶದ್ದೆಂದು ನೋಡದೆ ಶುರುಮಾಡಿದರೆ ಅಳತೆ ಎಲ್ಲೋ ಹೋಗಿಬಿಡುತ್ತದೆ. ಇಲ್ಲಿ ನಾವು ಎರಡೇ ಹೆಸರು ಇಟ್ಟುಕೊಳ್ಳೋಣ.

ಗಿಡ್ಡ ಹೊಲಿಗೆ: ಕಡ್ಡಿ ತೂರಿಸಿ ದಾರ ಎಳೆದುಕೊಂಡು, ಮತ್ತೆ ದಾರ ಸುತ್ತಿ ಎರಡು ಕುಣಿಕೆಯಿಂದಲೂ ಒಟ್ಟಿಗೆ ಎಳೆಯಿರಿ.

ಉದ್ದ ಹೊಲಿಗೆ: ಮೊದಲೇ ದಾರ ಸುತ್ತಿಕೊಂಡು ಕಡ್ಡಿ ತೂರಿಸಿ ಎಳೆಯಿರಿ. ಕಡ್ಡಿಯ ಮೇಲೆ ಮೂರು ಕುಣಿಕೆ ಇರುತ್ತದೆ. ದಾರ ಸುತ್ತಿ ಎರಡರಿಂದ, ಮತ್ತೆ ಸುತ್ತಿ ಉಳಿದೆರಡರಿಂದ ಎಳೆಯಿರಿ.

ಮೊದಲು ಒಂದು ಚಿಕ್ಕ ಚೌಕ ಹೆಣೆದು, ಒಗೆದು, ಒಣಗಿಸಿ ಅಳೆಯಿರಿ. 10 ಸೆಂ.ಮೀ.ನಲ್ಲಿ 16 ಉದ್ದ ಹೊಲಿಗೆ, 9 ಸಾಲು ಬರಬೇಕು. ಹೊಲಿಗೆ ಹೆಚ್ಚು ಬಂದರೆ ದಪ್ಪ ಕಡ್ಡಿ, ಕಡಿಮೆ ಬಂದರೆ ಸಣ್ಣ ಕಡ್ಡಿ ಹಿಡಿಯಿರಿ. ಈ ಒಂದು ಗಂಟೆ ದಂಡ ಎಂದುಕೊಳ್ಳಬೇಡಿ.

ಹೆಣೆಯುವ ವಿಧಾನ (1 ವರ್ಷದ ಮಗುವಿಗೆ)

ಭುಜ: ಕುತ್ತಿಗೆಯಿಂದ ಕೆಳಕ್ಕೆ ಹೆಣೆಯುತ್ತೇವೆ. 50 ಚೈನ್ ಹಾಕಿ. ಕಡ್ಡಿಯಿಂದ ನಾಲ್ಕನೇ ಚೈನ್‌ನಲ್ಲಿ ಮೊದಲ ಉದ್ದ ಹೊಲಿಗೆ. ಬಿಟ್ಟ 3 ಚೈನ್ ಒಂದು ಹೊಲಿಗೆಯ ಲೆಕ್ಕ. ಒಟ್ಟು 48 ಸ್ಥಾನಗಳನ್ನು ಹೀಗೆ ಹಂಚಿ: ಮುಂಭಾಗ 7, ಮೂಲೆ 1, ತೋಳು 8, ಮೂಲೆ 1, ಬೆನ್ನು 14, ಮೂಲೆ 1, ತೋಳು 8, ಮೂಲೆ 1, ಮುಂಭಾಗ 7. ಪ್ರತಿ ಮೂಲೆಯಲ್ಲಿ ಒಂದೇ ಕಡೆ 3 ಉದ್ದ ಹೊಲಿಗೆ, ಉಳಿದೆಡೆ ಒಂದೊಂದು. ಮೂರರ ನಡುವಿನದೇ ಮುಂದಿನ ಸಾಲಿಗೆ ಮೂಲೆ, ಅದಕ್ಕೆ ಬಣ್ಣದ ದಾರ ಕಟ್ಟಿ. ಸಾಲಿಗೆ 8ರಂತೆ ಹೆಚ್ಚುತ್ತಾ 10 ಸಾಲಿಗೆ 128 ಹೊಲಿಗೆ ಆಗುತ್ತದೆ. ಪ್ರತಿ ಸಾಲು ತಿರುಗಿಸಿದಾಗ 3 ಚೈನ್ ಮರೆಯಬೇಡಿ. ಸಾಲಿನ ಕೊನೆಯ ಹೊಲಿಗೆ ಹಿಂದಿನ ಸಾಲಿನ ಈ ಚೈನ್‌ನ ತುದಿಗೇ ಬೀಳಬೇಕು.

ಮೈ: ಮುಂಭಾಗದ 17 ಮತ್ತು ಮೂಲೆಯ 1 ಹೆಣೆದು, 6 ಚೈನ್ ಹಾಕಿ ತೋಳಿನ 28 ಹೊಲಿಗೆ ಬಿಟ್ಟುಬಿಡಿ. ಮೂಲೆ, ಬೆನ್ನಿನ 34, ಮೂಲೆ ಹೆಣೆಯಿರಿ. ಮತ್ತೆ 6 ಚೈನ್, 28 ಬಿಡಿ, ಮೂಲೆ ಮತ್ತು 17. ಒಟ್ಟು 84. ಮುಂದಿನ ಸಾಲಿನಲ್ಲಿ ಬೆನ್ನಿನ ಮಧ್ಯೆ ಒಂದು ಹೊಲಿಗೆ ಹೆಚ್ಚಿಸಿ 85 ಮಾಡಿಕೊಳ್ಳಿ.

ಬೀಸಣಿಗೆ: 1 ಚೈನ್ ಹಾಕಿ ಮೊದಲ ಹೊಲಿಗೆಗೆ ಗಿಡ್ಡ ಹೊಲಿಗೆ. ನಂತರ 2 ಬಿಟ್ಟು ಮೂರನೆಯದರಲ್ಲಿ 5 ಉದ್ದ, 2 ಬಿಟ್ಟು ಮುಂದಿನದರಲ್ಲಿ 1 ಗಿಡ್ಡ, ಹೀಗೇ ಕೊನೆವರೆಗೆ. 14 ಬೀಸಣಿಗೆ ಬರುತ್ತದೆ. ಎರಡನೇ ಸಾಲಿಗೆ 3 ಚೈನ್, ಅದೇ ಜಾಗಕ್ಕೆ 2 ಉದ್ದ. ಮುಂದೆ ಪ್ರತಿ ಬೀಸಣಿಗೆಯ ನಡುವೆ 1 ಗಿಡ್ಡ, ಪ್ರತಿ ಗಿಡ್ಡದ ಮೇಲೆ 5 ಉದ್ದ. ಕೊನೆಯ ಗಿಡ್ಡದ ಮೇಲೆ ಮಾತ್ರ 3 ಉದ್ದ. ಮೂರನೇ ಸಾಲಿಗೆ 1 ಚೈನ್, ತುದಿಗೆ ಗಿಡ್ಡ. ಮತ್ತೆ ಗಿಡ್ಡದ ಮೇಲೆ 5 ಉದ್ದ, ಬೀಸಣಿಗೆಯ ನಡುವೆ ಗಿಡ್ಡ, ಕೊನೆಯ ಚೈನ್‌ನ ತುದಿಗೆ ಗಿಡ್ಡ. ಕಂಕುಳಿಂದ 15 ಸೆಂ.ಮೀ. ಆಗುವವರೆಗೆ ಎರಡನೇ, ಮೂರನೇ ಸಾಲನ್ನೇ ಮುಂದುವರಿಸಿ.

ತೋಳು: ಬಿಟ್ಟಿದ್ದ 28 ಮತ್ತು ಕಂಕುಳಿನ 6 ಸೇರಿ 34. ಸುತ್ತಲೂ ಉದ್ದ ಹೊಲಿಗೆಯಲ್ಲಿ 15 ಸುತ್ತು ಹೆಣೆಯಿರಿ. 3, 6, 9, 12ನೇ ಸುತ್ತುಗಳಲ್ಲಿ ಕಂಕುಳ ಕಡೆ ಎರಡೆರಡು ಹೊಲಿಗೆ ಕಡಿಮೆ ಮಾಡಿದರೆ ಮಣಿಕಟ್ಟಿಗೆ 26 ಉಳಿಯುತ್ತದೆ. ಕೊನೆಗೆ 2 ಸುತ್ತು ಗಿಡ್ಡ ಹೊಲಿಗೆ.

ಪಟ್ಟಿ: ಮುಂದಿನ ಎರಡೂ ಅಂಚಿಗೆ 4 ಸಾಲು, ಕುತ್ತಿಗೆಗೆ 2 ಸಾಲು ಗಿಡ್ಡ ಹೊಲಿಗೆ. ಒಂದು ಪಟ್ಟಿಯ ಎರಡನೇ ಸಾಲಿನಲ್ಲಿ, ಎದೆಯ ಭಾಗದಲ್ಲಿ ಮೂರು ಕಡೆ 2 ಚೈನ್ ಹಾಕಿ 2 ಹೊಲಿಗೆ ಬಿಟ್ಟರೆ ಕಾಜಾ ಸಿದ್ಧ.

2 ವರ್ಷದ ಮಗುವಿಗಾದರೆ ಭುಜಕ್ಕೆ 11 ಸಾಲು, ಕಂಕುಳಿಗೆ 7 ಚೈನ್. ಆಗ ಮೈಗೆ 91 ಹೊಲಿಗೆ, 15 ಬೀಸಣಿಗೆ. ಮೈ ಮತ್ತು ತೋಳಿನ ಉದ್ದ ಮಗುವಿಗೆ ಹಿಡಿದು ನೋಡಿ ಹೆಚ್ಚಿಸಿ.

ಅಂದವಿದ್ದರೂ ಇವು ಬೇಡ

ಹಳೆಯ ಮಾದರಿಯಲ್ಲಿದ್ದ ಕುತ್ತಿಗೆಯ ರಿಬ್ಬನ್ ಖಂಡಿತ ಬೇಡ. ದಾರ ಎಲ್ಲಾದರೂ ಸಿಕ್ಕಿಕೊಂಡರೆ ಮಗುವಿನ ಕುತ್ತಿಗೆಗೇ ಬಿಗಿಯುತ್ತದೆ. ಇಂಥ ಅನಾಹುತಗಳಿಂದಾಗಿಯೇ ಅಮೆರಿಕದ ಗ್ರಾಹಕ ಉತ್ಪನ್ನ ಸುರಕ್ಷತಾ ಆಯೋಗ 1996ರಲ್ಲಿ ಮಕ್ಕಳ ಜಾಕೆಟ್‌ಗಳ ಕುತ್ತಿಗೆಗೆ ಎಳೆದಾರ ಬೇಡವೆಂದು ಸೂಚಿಸಿತು. ಗುಂಡಿಗಳನ್ನು ಗಟ್ಟಿ ದಾರದಲ್ಲಿ ಹೊಲಿದು, ಒಗೆದಾಗಲೆಲ್ಲ ಎಳೆದು ನೋಡಿ. ಪುಟಾಣಿಗಳ ಕೈಗೆ ಸಿಕ್ಕಿದ್ದೆಲ್ಲ ಬಾಯಿಗೇ ಅಲ್ಲವೇ? ಮಲಗಿಸುವಾಗ ಜಾಕೆಟ್ ತೆಗೆದುಬಿಡಿ, ಮೈ ಅತಿಯಾಗಿ ಬಿಸಿಯಾಗಬಾರದು.

ಇನ್ನೊಂದು ಮುಖ್ಯ ಮಾತು. ಮುಂದಿನ ಮಗುವಿಗಿರಲಿ ಎಂದು ಎತ್ತಿಡುವಾಗ ಪೆಟ್ಟಿಗೆಗೆ ನುಸಿಗುಳಿಗೆ ಹಾಕಬೇಡಿ. ಅದರಲ್ಲಿರುವ ನಾಫ್ತಲೀನ್ ಬಟ್ಟೆಯಿಂದ ಎಳೆಮಗುವಿನ ಮೈ ಸೇರಿ, ಜಿ6ಪಿಡಿ ಎಂಬ ಕಿಣ್ವದ ಕೊರತೆ ಇರುವ ಮಕ್ಕಳಲ್ಲಿ ರಕ್ತಕಣಗಳನ್ನು ಒಡೆದು ತೀವ್ರ ಕಾಮಾಲೆ ತರಬಲ್ಲದು. ಒಗೆದು ಚೆನ್ನಾಗಿ ಒಣಗಿಸಿ, ಮುಚ್ಚಳ ಬಿಗಿಯಾದ ಡಬ್ಬಿಯಲ್ಲಿಟ್ಟರೆ ಸಾಕು.

ನಿಮ್ಮ ಸಮಯಕ್ಕೂ ಬೆಲೆಯಿದೆ

ದಿನಕ್ಕೊಂದು ಗಂಟೆ ಕೂತರೆ ಎರಡು-ಮೂರು ವಾರದಲ್ಲಿ ಜಾಕೆಟ್ ಸಿದ್ಧ. ಆಮೇಲೆ ನೋಡಿ, ‘ನಮ್ಮ ಮಗೂಗೂ ಒಂದು ಮಾಡ್ಕೊಡಿ, ನೂಲು ತಂದುಕೊಡ್ತೀನಿ’ ಎಂಬ ಬೇಡಿಕೆ! ಪ್ರೀತಿಯಿಂದ ಕೊಡುವುದು ಬೇರೆ, ಸಂಕೋಚಕ್ಕೆ ಕೊಡುವುದು ಬೇರೆ. ಆಂಧ್ರದ ನರಸಾಪುರದ ಕ್ರೋಶಾ ಲೇಸ್ ಕೆಲಸದ ಹೆಂಗಸರ ಬಗ್ಗೆ ಮರಿಯಾ ಮೀಸ್ 1982ರಲ್ಲಿ ಒಂದು ಪುಸ್ತಕ ಬರೆದರು. ದಿನವಿಡೀ ಹೆಣೆದು ವಿದೇಶಕ್ಕೆ ಕಳಿಸುವ ಲೇಸ್ ತಯಾರಿಸಿದರೂ ಅವರು ಬರೀ ‘ಗೃಹಿಣಿಯರು’, ಅವರದು ‘ಬಿಡುವಿನ ಕೆಲಸ’ ಎಂದೇ ಲೆಕ್ಕವಾಗುತ್ತಿತ್ತು, ಕೂಲಿಯೂ ಅಷ್ಟಕ್ಕಷ್ಟೇ.

ಅದಕ್ಕೇ ಹೇಳುವುದು, ಹೆಣೆದ ಗಂಟೆಗಳನ್ನು ಒಂದು ಪುಸ್ತಕದಲ್ಲಿ ಬರೆದಿಡಿ. ಹೊರಗಿನವರು ಕೇಳಿದಾಗ ನೂಲಿನ ಬೆಲೆಯ ಜೊತೆಗೆ ಆ ಗಂಟೆಗಳ ಬೆಲೆಯನ್ನೂ ಸೇರಿಸಿ ಹೇಳಿ. ಮನೆ ಮಗುವಿಗಾದರೆ ಲೆಕ್ಕ ಬೇಡ ಬಿಡಿ. ಒಳಬದಿಗೆ ಒಂದು ಸಣ್ಣ ಬಟ್ಟೆ ತುಂಡು ಹೊಲಿದು, ಮಗುವಿನ ಹೆಸರು, ಇಸವಿ, ಅದರ ಕೆಳಗೆ ನಿಮ್ಮ ಹೆಸರನ್ನೂ ಕಸೂತಿ ಮಾಡಿಬಿಡಿ. ಮುಂದೆ ಆ ಜಾಕೆಟ್ ಯಾರ ಮೈ ಸೇರಿದರೂ, ಮಾಡಿದ್ದು ಯಾರೆಂದು ಗೊತ್ತಾಗಲಿ!