ಕೆಸರಲ್ಲಿ ಮಲಗುವ ಡ್ರ್ಯಾಗನ್‌ಗಳು

ದಕ್ಷಿಣ ಚೀನಾದ ಪರ್ಲ್ ನದಿಯ ಮುಖಜಭೂಮಿಯಲ್ಲಿ, ಗುವಾಂಗ್‌ಜೌ ಮತ್ತು ಫೊಶಾನ್ ನಗರಗಳ ಸುತ್ತಲಿನ ಹಳೆಯ ಊರುಗಳಲ್ಲಿ, ನಾಲ್ಕನೇ ಚಾಂದ್ರಮಾಸದ ಎಂಟನೇ ದಿನದ ಹೊತ್ತಿಗೆ ಗಂಡಸರು ಕಾಲುವೆಗೆ ಇಳಿಯುತ್ತಾರೆ. ಕೈಯಿಂದ ಕೆಸರು ಬಗೆದು, ಒಳಗೆ ತುಂಬಿದ ನೀರನ್ನು ಮೊಗೆಮೊಗೆದು ಚೆಲ್ಲಿ, ಹಿಂದಿನ ವರ್ಷ ತಾವೇ ಹೂತಿಟ್ಟಿದ್ದ ಡ್ರ್ಯಾಗನ್ ದೋಣಿಯನ್ನು ಮೇಲಕ್ಕೆ ತೇಲಿಸುತ್ತಾರೆ. ದಂಡೆಯ ಮೇಲೆ ಪಟಾಕಿ, ಡೋಲು. ಐದನೇ ತಿಂಗಳ ಐದನೇ ದಿನ ಬರುವ ದುವಾನ್‌ವು ಹಬ್ಬಕ್ಕೆ ಊರು ಸಜ್ಜಾಗುವುದು ಹೀಗೆ.

ದೋಣಿಯನ್ನು ಹೂಳುವುದು ಬರಿಯ ಆಚಾರವಲ್ಲ. ಒಳ್ಳೆಯ ಹಳೆಯ ದೋಣಿಗಳು ಬೋರ್ನಿಯೋ ಕಡೆಯ ಕಬ್ಬಿಣದಂಥ ಗಟ್ಟಿ ಮರದವು. ಬಿಸಿಲಿಗೆ ಬಿಟ್ಟರೆ ಒಣಗಿ ಸೀಳುತ್ತವೆ. ಗಾಳಿ ಆಡದ ಕೆಸರಿನಲ್ಲಿ ಸೀಳೂ ಇಲ್ಲ, ಹುಳುವೂ ಇಲ್ಲ. ಡ್ರ್ಯಾಗನ್ ತಲೆಯನ್ನು ಮಾತ್ರ ಬಿಚ್ಚಿ ಗುಡಿಯಲ್ಲೋ ಕುಲದ ಮನೆಯಲ್ಲೋ ಇಟ್ಟಿರುತ್ತಾರೆ. ಹಬ್ಬಕ್ಕೆ ಅದನ್ನು ತಂದು ಮೂತಿಗೆ ಕೂರಿಸಿ, ಕುಂಚದಿಂದ ಕಣ್ಣು ಬರೆದ ಮೇಲೆಯೇ ದೋಣಿಗೆ ಜೀವ ಬಂತೆಂದು ಲೆಕ್ಕ. ಆ ವೇಳೆಗೆ ಮಳೆಯೂ ಜೋರಾಗಿರುತ್ತದೆ. ಈ ನಗರಗಳಿರುವ ಗುವಾಂಗ್‌ಡಾಂಗ್ ಪ್ರಾಂತ್ಯದ ಜನ ಅದನ್ನು ಡ್ರ್ಯಾಗನ್ ದೋಣಿಯ ನೀರು ಎನ್ನುತ್ತಾರೆ. ಕಾಲುವೆಗಳು ತುಂಬಿ, ಉದ್ದನೆಯ ದೋಣಿ ಹರಿಯಲು ದಾರಿಯಾಗುವುದೂ ಆ ಮಳೆಯಿಂದಲೇ.

ಹಬ್ಬದ ಕಥೆ ಚೀನಾದ ಮಕ್ಕಳಿಗೆಲ್ಲ ಗೊತ್ತು. ಛು ರಾಜ್ಯದ ಮಂತ್ರಿ, ಕವಿ ಛು ಯುವಾನ್ ಚಾಡಿಕೋರರಿಂದಾಗಿ ಗಡೀಪಾರಾದ. ಕ್ರಿ.ಪೂ. 278ರಲ್ಲಿ ಛಿನ್ ಸೇನೆ ಛು ರಾಜ್ಯದ ರಾಜಧಾನಿಯನ್ನು ಗೆದ್ದ ಸುದ್ದಿ ಕೇಳಿ ಆತ ಮಿಲುವೊ ನದಿಗೆ ಹಾರಿದನಂತೆ. ಜನ ದೋಣಿ ಹತ್ತಿ ಹುಡುಕಿದರು, ಮೀನುಗಳು ಅವನ ದೇಹ ಮುಟ್ಟದಿರಲೆಂದು ಅನ್ನ ಎರಚಿದರು. ಆದರೆ ಸುಜೌ ನಗರದವರು ಇದೇ ದಿನ ನೆನೆಯುವುದು ವು ಝಿಶು ಎಂಬ ಇನ್ನೊಬ್ಬ ನತದೃಷ್ಟ ಮಂತ್ರಿಯನ್ನು. ಹಬ್ಬ ಇಬ್ಬರಿಗಿಂತಲೂ ಹಳೆಯದು, ಮೂಲದಲ್ಲಿ ಅದು ಡ್ರ್ಯಾಗನ್ ಆರಾಧನೆ ಎಂದು ವಾದಿಸಿದವರು ವಿದ್ವಾಂಸ ವೆನ್ ಯಿದುವೊ. ಊರೂರಿನ ಆಚರಣೆ ನೋಡಿದರೆ ನನಗೂ ಅವರ ಮಾತೇ ಸರಿ ಎನ್ನಿಸುತ್ತದೆ.

ಎಲ್ಲಕ್ಕಿಂತ ನನ್ನ ಮನಸ್ಸು ಕರಗಿಸುವುದು ಎರಡು ದೋಣಿಗಳ ನಂಟು. ಫೊಶಾನ್ ಕಡೆಯ ಯಾನ್‌ಬು ಊರಿನ ದೋಣಿಗೆ ‘ಮುದಿ ಡ್ರ್ಯಾಗನ್’ ಎಂದೇ ಹೆಸರು. ನಾನೂರು ವರ್ಷಗಳಿಗೂ ಹಿಂದೆ, ಮಿಂಗ್ ಅರಸರ ಕಾಲದಲ್ಲಿ, ಅದು ಗುವಾಂಗ್‌ಜೌದ ಪಾನ್‌ಟಾಂಗ್ ಊರಿನ ದೋಣಿಯೊಂದಿಗೆ ಸ್ಪರ್ಧೆಗೆ ಬಿದ್ದು, ಕೊನೆಗೆ ಎರಡೂ ಊರಿನವರು ಪಣ ಮರೆತು ಸಂಬಂಧ ಬೆಳೆಸಿದರೆಂದು ಐತಿಹ್ಯ. ಅಂದಿನಿಂದ ಯಾನ್‌ಬು ದೋಣಿ ಸಾಕುತಂದೆ, ಪಾನ್‌ಟಾಂಗ್ ದೋಣಿ ಸಾಕುಮಗ. ಹಬ್ಬದ ದಿನ ಅಪ್ಪ ಮಗನ ಊರಿಗೆ ಹುಟ್ಟುಹಾಕಿಕೊಂಡು ಹೋಗುತ್ತಾನೆ. ಮಾರನೆಯ ದಿನ ಮಗ ಅಪ್ಪನ ಮನೆಗೆ ಬರುತ್ತಾನೆ. ಯಾರೂ ಯಾರನ್ನೂ ಸೋಲಿಸಬೇಕಿಲ್ಲ. ದುವಾನ್‌ವು ಎಂದರೆ ಪಂದ್ಯ ಎಂದುಕೊಂಡವರು ಇದನ್ನು ನೋಡಬೇಕು. ಅಲ್ಲಿನ ಬೇರೆ ಊರುಗಳಲ್ಲೂ ಹೀಗೆ ಸರದಿ ಪ್ರಕಾರ ಒಂದೊಂದು ದಿನ ನೆರೆಯ ದೋಣಿಗಳನ್ನು ಕರೆದು, ಪಟಾಕಿಯಿಂದ ಎದುರುಗೊಂಡು, ಸಾಲುಸಾಲು ಮೇಜು ಹಾಕಿ ಊರೂಟ ಬಡಿಸುತ್ತಾರೆ.

ಬಲ್ಲವರ ಪಂದ್ಯವೂ ಇಲ್ಲದಿಲ್ಲ. ಫೊಶಾನ್‌ನ ದಿಯೆಜಿಯಾವೊದಲ್ಲಿ ಸುಮಾರು 25 ಮೀಟರ್ ಉದ್ದದ ದೋಣಿಗಳು ಮನೆಗಳ ನಡುವಿನ ಕಿರುಗಾಲುವೆಯ ಕಡಿದಾದ ತಿರುವುಗಳಲ್ಲಿ ವೇಗ ತಗ್ಗಿಸದೆ ನುಗ್ಗುತ್ತವೆ. ಸಾಂಪ್ರದಾಯಿಕ ಊರುಗಳಲ್ಲಿ ಹೆಂಗಸರು ಈ ದೋಣಿ ಹತ್ತುವಂತಿರಲಿಲ್ಲ. ಈಗ ಮಹಿಳಾ ತಂಡಗಳಿವೆ, ಇನ್ನಷ್ಟು ಬೇಕು.

ಮನೆಯೊಳಗಿನ ಹಬ್ಬ ಬೇರೆಯೇ. ಐದನೇ ತಿಂಗಳು ವಿಷದ ತಿಂಗಳು, ಸೆಖೆ, ಹುಳುಹುಪ್ಪಟೆ, ಕಾಯಿಲೆಗಳ ಕಾಲ ಎಂಬ ನಂಬಿಕೆ. ಅದಕ್ಕೆಂದೇ ಬಾಗಿಲಿಗೆ ಮಾಚಿಪತ್ರೆ ಜಾತಿಯ ಸೊಪ್ಪು ಮತ್ತು ಬಜೆಯ ಎಲೆ ಕಟ್ಟುತ್ತಾರೆ, ಮಕ್ಕಳ ಮಣಿಕಟ್ಟಿಗೆ ಐದು ಬಣ್ಣದ ದಾರ ಸುತ್ತುತ್ತಾರೆ. ಅಡುಗೆಮನೆಯಲ್ಲಿ ಜೊಂಗ್‌ಜಿ: ನೆನೆಸಿದ ಅಂಟಕ್ಕಿಯನ್ನು ಬಿದಿರಿನ ಎಲೆಯಲ್ಲಿ ಮೂಲೆಮೂಲೆಯಾಗಿ ಮಡಿಚಿ, ದಾರ ಬಿಗಿದು, ಗಂಟೆಗಟ್ಟಲೆ ಬೇಯಿಸಿದ್ದು. ಎಲೆಯ ಘಮ ಅಕ್ಕಿಗಿಳಿಯುವುದರಲ್ಲಿ ಅದು ನಮ್ಮ ಕೊಟ್ಟೆ ಕಡುಬಿನ ಬಂಧು. ಉತ್ತರದವರು ಒಳಗೆ ಬೋರೆಹಣ್ಣು ಇಟ್ಟು ಸಿಹಿ ಮಾಡುತ್ತಾರೆ. ದಕ್ಷಿಣದವರಿಗೆ ಹಂದಿಮಾಂಸ, ಉಪ್ಪುಹಾಕಿದ ಮೊಟ್ಟೆಯ ಹಳದಿ ಬೇಕು. ಯಾವುದು ನಿಜವಾದ ಜೊಂಗ್‌ಜಿ ಎಂಬ ಜಗಳ ಪ್ರತಿ ವರ್ಷ ಎದ್ದೇಳುತ್ತದೆ.

ಇಷ್ಟು ಹಳೆಯ ಹಬ್ಬಕ್ಕೆ ಜನವಾದಿ ಚೀನಾದಲ್ಲಿ ಸರ್ಕಾರಿ ರಜೆ ಸಿಕ್ಕಿದ್ದು 2008ರಲ್ಲಿ. ಮರುವರ್ಷ ಯುನೆಸ್ಕೋ ಪಟ್ಟಿಗೂ ಸೇರಿತು.

ನೋಡಬಯಸುವವರು ದಿನ ಗುರುತಿಟ್ಟುಕೊಳ್ಳಬೇಕು: 2025ರಲ್ಲಿ ಅದು ಮೇ 31ಕ್ಕೆ ಬಂದಿತ್ತು, 2026ರಲ್ಲಿ ಜೂನ್ 19ಕ್ಕೆ. ಪಾನ್‌ಟಾಂಗ್ ಇರುವುದು ಗುವಾಂಗ್‌ಜೌ ನಗರದೊಳಗೇ, ಲಿವಾನ್ ಜಿಲ್ಲೆಯ ಲೀಚಿ ಕೊಲ್ಲಿಯ ದಂಡೆಯಲ್ಲಿ. ಮೆಟ್ರೋದಲ್ಲೇ ಹೋಗಬಹುದು. ಅಪ್ಪ ದೋಣಿ ಬರುವ ದಿನ ದಂಡೆಯ ತುಂಬ ಜನ, ಬೆಳಿಗ್ಗೆಯೇ ಜಾಗ ಹಿಡಿಯಬೇಕು.